ನೆಟ್ ಇಲ್ಲದಿದ್ದರೂ

“ಸರ್ವರಿನಿಂದಲೇ ಸರಿಮಾಡಕ್ಕಾಗಲ್ವೇನಯ್ಯಾ?” ಮ್ಯಾನೇಜರ್ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಕೈಯಲ್ಲಿ ಅರ್ಧ ತೆರೆದ ಊಟದ ಡಬ್ಬಿ ಹಾಗೇ ಇತ್ತು.

“ಬರಹ, ಬಣ್ಣ ಆದ್ರೆ ಇಲ್ಲಿಂದ್ಲೇ ಬದಲಾಯಿಸಬಹುದು ಸಾರ್. ಇನ್ಸುಲಿನ್ ಲೆಕ್ಕ ಆ್ಯಪಿನ ಹೊಟ್ಟೆಯೊಳಗಿದೆ. ತಿದ್ದಿ ಇನ್ನೊಂದು ಆವೃತ್ತಿನೇ ಕಳಿಸ್ಬೇಕು. ಆ್ಯಪ್ ಸ್ಟೋರಿನವರು ನೋಡಿ ಬಿಡ್ಬೇಕು. ಆಮೇಲೆ ಜನ ಅದನ್ನ ಹಾಕ್ಕೋಬೇಕು.”

“ಲೆಕ್ಕಾನ ಒಳಗಿಟ್ಟ ಪುಣ್ಯಾತ್ಮ ಯಾರು?”

“ನಾನೇ,” ಎಂದ ಎಂಜಿನಿಯರ್.

ತಪ್ಪು ಹಿಡಿದವಳು ಟೆಸ್ಟರ್. ಎಲ್ಲದಕ್ಕೂ ಕೊಕ್ಕೆ ಹಾಕುತ್ತಾಳೆಂದು ಆಫೀಸಿನಲ್ಲಿ ಅವಳಿಗೆ ಕೊಕ್ಕೆ ಅಕ್ಕ ಎಂದೇ ಹೆಸರು. ಲಿಫ್ಟಿನಲ್ಲಿ ನೆಟ್ ಕಡಿದಾಗ ಸುಮ್ಮನಿರಲಾರದೆ ಆ್ಯಪಿನಲ್ಲಿ ಊಟದ ವಿವರ ತುಂಬಿದ್ದಳು. ಐದಾರು ಯೂನಿಟ್ ಇನ್ಸುಲಿನ್ ಎಂದು ಬರಬೇಕಾದ ಕಡೆ ಅದರ ಎರಡರಷ್ಟು ಬಂತು. ನೆಟ್ ಇಲ್ಲದಾಗ, ಹೊಸದಾಗಿ ಬಿಟ್ಟಿದ್ದ ಆವೃತ್ತಿ ಒಂದೇ ಊಟವನ್ನು ಎರಡು ಸಲ ಕೂಡುತ್ತಿತ್ತು: ಫೋನಿನಲ್ಲಿ ಉಳಿಸಿಕೊಂಡದ್ದೊಂದು, ಸರ್ವರಿಗೆ ಹೋಗಲು ಕಾದು ಕುಳಿತದ್ದೊಂದು.

ಎಂಜಿನಿಯರ್ ಕೋಡಿನ ಆ ಸಾಲನ್ನು ತಿದ್ದಿ ಸ್ಟೋರಿಗೆ ಕಳಿಸಿದ್ದ. ‘ಪರಿಶೀಲನೆಗೆ ಕಾಯುತ್ತಿದೆ’ ಎಂದು ಪರದೆ ಹೇಳುತ್ತಿತ್ತು. ಅಷ್ಟರಲ್ಲಿ ಮ್ಯಾನೇಜರ್ ಹೇಳಿದಂತೆ ಸರ್ವರಿನಿಂದ ಆ್ಯಪಿನ ಪರದೆಗೆ ಕೆಂಪು ಪಟ್ಟಿಯೊಂದನ್ನೂ ಬಿಟ್ಟಾಗಿತ್ತು: ‘ಡೋಸ್ ಲೆಕ್ಕ ಬಳಸಬೇಡಿ.’

“ಪಟ್ಟಿ ಚೆನ್ನಾಗಿದೆ,” ಎಂದಳು ಕೊಕ್ಕೆ ಅಕ್ಕ. “ನೆಟ್ ಇರೋರಿಗೆ ಕಾಣುತ್ತೆ. ನೆಟ್ ಇರೋರಿಗೆ ತೊಂದರೆನೇ ಇಲ್ವಲ್ಲ.”

ಎಂಜಿನಿಯರ್ ತನ್ನ ಅಮ್ಮನ ನಂಬರಿಗೆ ಮತ್ತೆ ಕರೆ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು.

ಊಟಕ್ಕೆ ಮುಂಚೆ ಆ್ಯಪ್ ನೋಡಿ ಇನ್ಸುಲಿನ್ ಚುಚ್ಚಿಕೊಳ್ಳುವ ಅಮ್ಮನಿಗೆ ಫೋನಿನ ನೆಟ್ ಎಂದರೆ ಯಾರೂ ಇಲ್ಲದ ಕೋಣೆಯಲ್ಲಿ ಉರಿಯುವ ದೀಪ. “ಸುಮ್ನೆ ಯಾಕೋ ಉರೀಬೇಕು?” ಎಂದು ಆರಿಸಿಯೇ ಇಡುತ್ತಿದ್ದರು. ಎಷ್ಟು ಹೇಳಿದರೂ ಕೇಳದಿದ್ದಾಗ ಮಗ ತಾನೇ ಸೋತು, ಸರ್ವರಿನಲ್ಲಿದ್ದ ಲೆಕ್ಕವನ್ನು ಆ್ಯಪಿನೊಳಗೆ ತಂದಿಟ್ಟ. ಅಂದು ಮೀಟಿಂಗಿನಲ್ಲಿ ಎಲ್ಲರೂ ಮೆಚ್ಚಿದ್ದರು. ಈ ದಿನ ಬೆಳಿಗ್ಗೆ, ಅವರ ತಿಂಡಿಯಾದ ಮೇಲೆ, ಆ ಹೊಸ ಆವೃತ್ತಿಯನ್ನು ತಾನೇ ಅವರ ಫೋನಿಗೆ ಹಾಕಿ, ಮರೆಯದೆ ನೆಟ್ ಆರಿಸಿ, ಕೈಗೆ ಕೊಟ್ಟು ಬಂದಿದ್ದ.

ಅವನ ಫೋನಿನಲ್ಲಿ ಅಮ್ಮನ ಒಂದು ಮಿಸ್ಡ್ ಕಾಲ್ ಇತ್ತು. ಅದು ಬಂದಾಗ ಫೋನ್ ಮೀಟಿಂಗಿನ ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು.

“ನೀನು ಹೊರಡು, ಮಾರಾಯ. ಇಲ್ಲಿಂದ ನಾನು ನೋಡ್ಕೋತೀನಿ,” ಎಂದು ಕೊಕ್ಕೆ ಅಕ್ಕ ತನ್ನ ಫೋನನ್ನೂ ಅವನ ಕೈಗೆ ತುರುಕಿದಳು. “ಅಮ್ಮಂಗೆ ಇದ್ರಲ್ಲಿ ಮಾಡ್ತಾ ಇರು. ನಿಂದ್ರಲ್ಲಿ ಪಕ್ಕದ ಮನೆಯವ್ರಿಗೆ ಮಾಡು.”

ಲಿಫ್ಟ್ ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಡಲು ಹೋದವನು ಹಿಂದೆ ಸರಿದು ಮೆಟ್ಟಿಲಿನತ್ತ ಓಡಿದ.

ಪಕ್ಕದ ಮನೆಯ ಟೀಚರ್ ತಕ್ಷಣ ಎತ್ತಿದರು. “ನಿಮ್ಮ ಅಮ್ಮನಾ? ಆಗ್ಲೇ ಬಂದಿದ್ರಪ್ಪ. ಇವತ್ತು ಫೋನು ಜಾಸ್ತಿ ತೋರಿಸ್ತಿದೆ, ಚುಚ್ಕೊಳ್ಳೋದಾ ಬೇಡ್ವಾ ಅಂತ ಕೇಳಿದ್ರು.”

“ನೀವೇನಂದ್ರಿ?”

“ಮಗನೇ ಮಾಡಿರೋದಲ್ವಾ, ತಪ್ಪಿರಲ್ಲ ಬಿಡಿ ಅಂದೆ. ಖುಷಿಯಾಯ್ತು ಅವ್ರಿಗೆ. ಊಟ ಮಾಡಿ ಸ್ವಲ್ಪ ಮಲಗ್ತೀನಿ ಅಂತ ಹೋದ್ರು. ಯಾಕಪ್ಪಾ?”

“ಆಂಬುಲೆನ್ಸಿಗೆ ಹೇಳಿ ಟೀಚರ್. ಇಲ್ಲ, ನಾನು ಹೇಳ್ತೀನಿ. ನೀವು ಬಾಗಿಲು ಬಡೀರಿ. ಎದ್ದಿದ್ರೆ ಸಕ್ಕರೆ ನೀರು ಕುಡಿಸಿ. ಮೊದ್ಲು ಬಾಗಿಲು ಬಡೀರಿ!”

ಚಪ್ಪಲಿಯ ಸದ್ದು, ಬಳೆಯ ಸದ್ದು. ನಂತರ ಮರದ ಮೇಲೆ ಅಂಗೈ ಬಡಿಯುವ ಸದ್ದು. “ಅಕ್ಕಾ! ಅಕ್ಕಾ, ಬಾಗಿಲು ತೆಗೀರಿ!”

ಮೆಟ್ಟಿಲಿನ ತಿರುವಿನಲ್ಲಿ ಅವನು ನಿಂತುಬಿಟ್ಟ. ಎಡಗೈಯ ಫೋನಿನಲ್ಲಿ ಅಮ್ಮನ ನಂಬರ್ ರಿಂಗಾಗುತ್ತಿತ್ತು. ಬಲಗಿವಿಗೆ ಒತ್ತಿಕೊಂಡ ಫೋನಿನಲ್ಲಿ, ಟೀಚರ್ ಬಡಿತದ ನಡುನಡುವೆ, ಮುಚ್ಚಿದ ಬಾಗಿಲಿನ ಆಚೆ ಅದೇ ಕರೆ ಸಣ್ಣಗೆ ಕೇಳುತ್ತಿತ್ತು: ಕಿವಿ ಮಂದವಾದ ಅಮ್ಮನಿಗಾಗಿ ಅವನೇ ಹುಡುಕಿ ಹಾಕಿಕೊಟ್ಟಿದ್ದ ಹಳೆಯ ಕಾಲದ ಗಂಟೆಯ ಸದ್ದು.