ಕುಳಿತು ನೋಡುವವರ ಹಲಗೆ

ಸಂಜೀವಪ್ಪನಿಗೆ ಐವತ್ತು ತುಂಬಿತ್ತು. ಅಂಗಡಿಗಳಲ್ಲಿ ಚಿತ್ರದ ಹಲಗೆ ನಿಲ್ಲಿಸಿ, ಅದರ ಮುಂದೆ ಗಿರಾಕಿಯ ಕಣ್ಣಿಗೆ ಬೀಳುವಂತೆ ಸಾಬೂನು ಜೋಡಿಸುವುದು ಅವನ ಕೆಲಸ. ಮದರಾಸಿನ ಕಂಪನಿಯೊಂದಕ್ಕಾಗಿ ಹನ್ನೆರಡು ವರ್ಷ ಬಸ್ಸು, ಎತ್ತಿನಗಾಡಿ ಎನ್ನದೆ ಹಲಗೆ ಹೊತ್ತು ತಿರುಗಿ ಅವನ ಮೊಣಕಾಲು ಸವೆದಿದ್ದವು. ಹಿಂದೆ ನಾಟಕದ ಪರದೆ ಬರೆಯುತ್ತಿದ್ದವನು. ಈಗ ಚಿತ್ರ ಅಚ್ಚಾಗಿಯೇ ಬರುತ್ತಿದ್ದುದರಿಂದ ಕುಂಚ ಚೀಲದ ತಳ ಸೇರಿತ್ತು.

ಆ ವರ್ಷ ಬಂದದ್ದು ಆಳೆತ್ತರದ ಹಲಗೆ. ಅದರ ಚಿತ್ರದಲ್ಲಿ ಒದ್ದೆ ಕೂದಲಿನ, ಬರಿತೋಳಿನ ಹೆಂಗಸೊಬ್ಬಳು ಕನ್ನಡಿ ನೋಡಿ ನಗುತ್ತಿದ್ದಳು. ರಾಯದುರ್ಗದ ಪೇಟೆಯಲ್ಲಿ ಹನುಮಂತರಾಯಪ್ಪನ ಉದ್ದನೆಯ ಕತ್ತಲೆ ಅಂಗಡಿಗೆ ಅದು ಹೇಳಿ ಮಾಡಿಸಿದಂತಿತ್ತು. ಒಳಗೋಡೆಗೆ ಹಲಗೆ ನಿಲ್ಲಿಸಿ, ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಸಾಬೂನನ್ನು ಮೆಟ್ಟಿಲು ಮೆಟ್ಟಿಲಾಗಿ ಇಟ್ಟ. ಬೀದಿಯಲ್ಲಿ ಹೋಗುವ ಗಂಡಸರು ಇಣುಕಿ ನೋಡಿ ಒಳಗೆ ಬಂದರು.

"ಕುಂದರ್ರಿ, ಚಾ ಕುಡೀರಿ. ಯಾಕ ಇಷ್ಟು ದಣಿದೀರಿ?" ಎಂದ ಹನುಮಂತರಾಯಪ್ಪ.

"ಇದು ಇವತ್ತಿನ ದಣಿವಲ್ರಿ. ಇನ್ನಾ ಮಡಕಶಿರಾ ಸಂತಿಗೆ ಹೋಗಬೇಕು."

ಮಡಕಶಿರಾ ಸಂತೆಯಲ್ಲಿ ನರಸಮ್ಮ ಹುಣಸೆಮರದ ಕೆಳಗೆ ಗೋಣಿತಟ್ಟು ಹಾಸಿ ಅರಿಶಿನ, ಬಾಚಣಿಗೆ, ಬಳೆ ಮಾರುತ್ತಿದ್ದಳು. ಸುತ್ತಲ ಊರಿನ ಹೆಂಗಸರೆಲ್ಲ ಅವಳಲ್ಲಿಗೆ ಬರುತ್ತಾರೆಂದು ಸಂಜೀವಪ್ಪ ಅವಳನ್ನು ಸಾಬೂನು ಮಾರಲು ಒಪ್ಪಿಸಿ, ಅವಳ ಹಿಂದೆಯೇ ಅಂಥದೇ ಇನ್ನೊಂದು ಹಲಗೆ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆಲ್ಲ ಗಂಡಸರು ಗುಂಪುಗಟ್ಟಿದರು. ಹೆಂಗಸರು ದೂರದಿಂದಲೇ ನೋಡಿ, ಸೆರಗು ಸರಿಮಾಡಿಕೊಂಡು ಬೇರೆ ಕಡೆ ನಡೆದರು.

"ಸ್ವಾಮಿ, ಇವಳನ್ನ ನೋಡಾಕೆ ಗಂಡಸ್ರು ಮುತ್ಕಂಡವ್ರೆ. ಅವರ ಮಧ್ಯೆ ನಮ್ಮ ಹೆಣ್ಮಕ್ಕಳು ಹೆಂಗೆ ಬತ್ತಾರೆ? ಬೆಳಗಿಂದ ಒಂದು ಬಾಚಣಿಗೆನೂ ಹೋಗಿಲ್ಲ," ಎಂದಳು ನರಸಮ್ಮ.

"ಏನ್ ಮಾಡ್ಲಮ್ಮ, ಕಂಪನಿ ಹಲಗಿ ಇದು."

"ನನ್ ತಾವ ಯಾರೂ ನಿಂತ್ಕಂಡು ಕೊಳ್ಳಲ್ಲ. ನೀವೂ ಒಂದ್ಸಲ ಕುಂತ್ಕಂಡು ನೋಡಿ."

ಅವನು ಮೊಣಕಾಲು ಹಿಡಿದುಕೊಂಡು ಗಿರಾಕಿಯಂತೆ ಅವಳೆದುರು ಕುಕ್ಕರಗಾಲಲ್ಲಿ ಕುಳಿತ. ಅಲ್ಲಿಂದ ನೇರಕ್ಕೆ ಕಂಡದ್ದು ಚಿತ್ರದ ಸೀರೆಯ ಅಂಚು ಮಾತ್ರ. ಏಳಲು ಕಷ್ಟವಾಗಿ ಅಲ್ಲೇ ಬಹಳ ಹೊತ್ತು ಕುಳಿತಿದ್ದ. ಎದ್ದವನು ಸಂತೆಯಲ್ಲಿ ನೇಗಿಲು ಮಾಡುತ್ತಿದ್ದ ಬಡಗಿ ದೊಡ್ಡತಿಮ್ಮಪ್ಪನಿಂದ ಹಲಗೆಯನ್ನು ಮೊಣಕಾಲುದ್ದಕ್ಕೆ ಕೊಯ್ಯಿಸಿದ. ಖಾಲಿಯಿದ್ದ ಹಿಂಬದಿಯಲ್ಲಿ, ಹಸಿರು ಬಳೆ ತೊಟ್ಟ ಎರಡು ಕೈ ಮಗುವಿನ ಮೈ ತೊಳೆಯುವಂತೆ ಬರೆದ. ಗಾಳಿಗೆ ಬೀಳದಂತೆ ಕಲ್ಲು ಒತ್ತಿಟ್ಟು, ಮುಂದೆ ಒಂದು ಚೊಂಬು ನೀರು ಮತ್ತು ಕಾಗದ ಬಿಚ್ಚಿದ ಒಂದು ಸಾಬೂನು ಇಟ್ಟ.

ಮುಂದಿನ ಸಂತೆಗೆ ಹೆಂಗಸರು ಕುಳಿತರು. ಕೈ ತೊಳೆದು, ಮೂಸಿ ನೋಡಿ, ಇಬ್ಬಿಬ್ಬರು ಸೇರಿ ಒಂದೊಂದು ಕೊಂಡರು. ಸಂಜೀವಪ್ಪ ಮರಕ್ಕೆ ಒರಗಿ ನೋಡುತ್ತಿದ್ದ. ಬಹಳ ದಿನದ ಮೇಲೆ ಅವನ ಉಗುರಿಗೆ ಬಣ್ಣ ಹತ್ತಿತ್ತು.

ಮೂರನೆಯ ಸಂತೆಗೆ ಮದರಾಸಿನಿಂದ ಕಂಪನಿಯ ಇನ್ಸ್‌ಪೆಕ್ಟರು ಬಂದ. ಯಾರನ್ನು ಕೇಳಿ ಕಂಪನಿಯ ಚಿತ್ರ ಕೊಯ್ದೆ ಎಂದು ತೆಲುಗಿನಲ್ಲಿ, ದನಿಯೆತ್ತದೆಯೇ ಕೇಳಿದ. ಸಂಜೀವಪ್ಪ ಕುಳಿತಿದ್ದ ಹೆಂಗಸರತ್ತ ಕೈ ತೋರಿಸಿದ. ನರಸಮ್ಮನೇ ತೆಲುಗಿನಲ್ಲಿ, ಒಮ್ಮೆ ಕುಳಿತು ನೋಡಿ ಸ್ವಾಮಿ ಎಂದಳು. ಅವನು ತನ್ನ ಇಸ್ತ್ರಿ ಮಾಡಿದ ಷರಾಯಿ ನೋಡಿಕೊಂಡ, ಕೂರಲಿಲ್ಲ. ಹೊಸ ಹಲಗೆ ನಿಲ್ಲಿಸಲು ಹೇಳಿ ಹೋದ.

ಸಂಜೀವಪ್ಪ ನಿಲ್ಲಿಸಿದ. ಗಂಡಸರು ಮತ್ತೆ ಬಂದರು. ನರಸಮ್ಮ ಗೋಣಿತಟ್ಟು ಮಡಚಿ, ತನ್ನ ಪಾಲಿನ ಸಾಬೂನನ್ನೂ ಕೊಯ್ದ ಹಲಗೆಯನ್ನೂ ಎತ್ತಿಕೊಂಡು ನಾಲ್ಕು ಮರದಾಚೆ ಹೋಗಿ ಕುಳಿತಳು. ಅವನು ತಡೆಯಲಿಲ್ಲ. ಕೊಯ್ದ ಹಲಗೆಯನ್ನು ಯಾರೂ ವಾಪಸು ಕೇಳದಿರಲೆಂದು, ಅದು ಗಾಳಿಗೆ ಬಿದ್ದು ಮುರಿಯಿತೆಂದು ಕಂಪನಿಗೆ ಬರೆದ.

ತಿಂಗಳೊಳಗೆ ಅವನನ್ನು ಬಳ್ಳಾರಿಯ ಗೋದಾಮಿಗೆ ಹಾಕಿದರು. ಅಲ್ಲಿ ಕುಳಿತು ಹಲಗೆಗಳ ಕಟ್ಟು ಬಿಚ್ಚಿ ಊರೂರಿಗೆ ಕಳಿಸುವುದಷ್ಟೇ ಕೆಲಸ. ದುಃಖವೇನೂ ಆಗಲಿಲ್ಲ, ಮೊಣಕಾಲಿಗೆ ಬಿಡುವು ಸಿಕ್ಕಿತು. ಯಾರೂ ಕೇಳದಿದ್ದರೂ ಒಂದೊಂದು ಹಲಗೆಗೂ ಚೀಟಿ ಕಟ್ಟತೊಡಗಿದ: ಇದು ಒಳಗೋಡೆಗೆ, ಇದು ಜಗಲಿಗೆ, ಇದು ನೆಲದ ಅಂಗಡಿಗೆ ಬೇಡ. ಕೆಲವರು ಓದಿದರು, ಹೆಚ್ಚಿನವರು ಕಿತ್ತೆಸೆದರು.