ಟವಲ್ ಕಂಬಿ

ಮತ್ತೆ ಮೇಲೇರಿದೆ ದರಿದ್ರದ್ದು, ಬಚ್ಚಲ ಗೋಡೆಯಲ್ಲಿ ನಿನ್ನೆ ನಲ್ಲಿಯ ಮಟ್ಟಕ್ಕಿದ್ದ ತೇವದ ಕಲೆ ಇವತ್ತು ಕನ್ನಡಿಯ ಅಂಚು ಮುಟ್ಟಿದೆ, ಬೆರಳಿಟ್ಟರೆ ಬಣ್ಣ ಒದ್ದೆ ಹಿಟ್ಟಿನ ಹಾಗೆ ಕಳಚಿ ಬರುತ್ತದೆ — ಥೂ, ಎಂದು ಅವಳು ಬೆರಳು ಒರೆಸಿಕೊಂಡಳು, ಇದಕ್ಕೆಲ್ಲ ಆಚೆಮನೆಯ ಡ್ರಿಲ್ ಮೇಷ್ಟ್ರೇ ಕಾರಣ, ಇನ್ಯಾರು, ಅವನ ಬಚ್ಚಲಿಗೂ ಇವಳ ಬಚ್ಚಲಿಗೂ ನಡುವೆ ಇರುವುದು ಇದೊಂದೇ ಗೋಡೆ, ಶವರ್ ಬಿಟ್ಟುಕೊಂಡು ಎಮ್ಮೆಯ ಹಾಗೆ ಬಿದ್ದುಕೊಳ್ಳುತ್ತಾನೋ ಏನೋ. ಗಂಡನಿಗೆ ಹೇಳಿದರೆ, ಬಿಡೇ, ಬಿಸಿಲು ಬಂದ್ರೆ ತಾನೇ ಒಣಗುತ್ತೆ, ಎಂದು ಪೇಪರಿನ ಹಿಂದಿನಿಂದ ಉತ್ತರ, ಬಚ್ಚಲೊಳಗೆ ಅದ್ಯಾವ ಬಿಸಿಲು ಬರುತ್ತದೋ ಈ ಮಹಾನುಭಾವನಿಗೇ ಗೊತ್ತು, ಪ್ಲಂಬರ್ ಬಂದವನು ಗೋಡೆಗೆ ಕಿವಿಯಿಟ್ಟು ದೊಡ್ಡ ಡಾಕ್ಟರ ಮುಖ ಮಾಡಿ, ಅಮ್ಮಾ, ನಿಮ್ ಕಡೆ ಏನೂ ಇಲ್ಲ, ಆ ಕಡೆ ನೋಡ್ಬೇಕು, ಎಂದ, ಇಷ್ಟು ಹೇಳಲು ಇವನೇ ಬೇಕಿತ್ತೇ, ಆ ಕಡೆ ಹೋದರೆ ಮೇಷ್ಟ್ರು ಬಾಗಿಲಲ್ಲೇ ನಿಂತು, ನಮ್ಮನೇಲಿ ಎಲ್ಲಾ ಸರಿಯಿದೆ, ಹೋಗಯ್ಯ, ಎಂದು ಅಟ್ಟಿದನಂತೆ. ಸರಿಯಿದೆಯಂತೆ. ಇಸ್ಕೂಲು ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿಲ್ಲ, ಮೆಟ್ಟಿಲು ಹತ್ತುವವರಿಗೆಲ್ಲ, ಎದೆ ಮುಂದೆ, ನೆಟ್ಟಗೆ ನಡೀರಿ, ಎಂಬ ಉಪದೇಶ, ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರುವ ಇವಳಿಗೂ ಒಮ್ಮೆ, ಟೈಲರಮ್ಮಾ, ಗೂನು ಬರುತ್ತೆ ನೋಡಿ, ಎಂದಿದ್ದ, ಎಲ್ಲರ ಮುಂದೆ — ಆವತ್ತು ಮನಸ್ಸಿನಲ್ಲೇ ಅವನ ಬಾಯನ್ನು ದಪ್ಪ ದಾರದಲ್ಲಿ ಎರಡು ಸಲ ಹೊಲಿದಿದ್ದಳು.

ಇವತ್ತು ಬಿಡುವುದಿಲ್ಲ, ಬೆಲ್ ಒತ್ತಿದಳು, ಬಂದೇ, ಬಂದೇ, ಎಂದು ಒಳಗಿನಿಂದ ದನಿ ಬರುತ್ತದೆ, ಆಳು ಬರುವುದಿಲ್ಲ, ಅರಮನೆಯೇನು ಇದು, ಎಂಥ ಗತ್ತು, ಕೊನೆಗೂ ಬಾಗಿಲು ತೆರೆದವನು ಚೌಕಟ್ಟು ಹಿಡಿದು ದಾರಿಗೆ ಅಡ್ಡ ನಿಂತ, ಆ ತೋಳಿನಡಿ ನುಸುಳಿ ನೇರ ಬಚ್ಚಲಿಗೇ ನುಗ್ಗಿದಳು, ನಿಲ್ರೀ, ಏನ್ರೀ ಇದು, ಎಂದು ಹಿಂದೆಯೇ ಗೋಡೆ ಸವರುತ್ತ ಬಂದ — ಸಿಕ್ಕಿತು. ಕಮೋಡಿನ ಪಕ್ಕ ಗೋಡೆಗೆ ಬಿಗಿದ ಸ್ಟೀಲ್ ಕಂಬಿ, ಅದೂ ಸೊಟ್ಟಗೆ, ಒಂದು ಸ್ಕ್ರೂವಿನ ಸುತ್ತ ನೀರು ಹನಿಗಟ್ಟಿ ಜಾರುತ್ತಿದೆ, ಒಳಗಿನ ಪೈಪಿಗೇ ಚುಚ್ಚಿದ್ದಾನೆ ಪುಣ್ಯಾತ್ಮ, ಡ್ರಿಲ್ ಮೇಷ್ಟ್ರಿಗೆ ಡ್ರಿಲ್ ಹಿಡಿಯಲು ಬರುವುದಿಲ್ಲ ಎಂದು ಇಡೀ ಕಟ್ಟಡಕ್ಕೆ ಸಾರಿ ಮಾನ ಕಳೆಯಬೇಕು. ಯಾರು ಹಾಕಿದ್ದು ಇದನ್ನ. ನಾನೇ, ಟವಲ್ ಹಾಕೋಕೆ. ಟವಲ್ ಹಾಕೋಕಂತೆ, ಮಂಡಿಗಿಂತ ಗೇಣು ಮೇಲೆ ಟವಲ್ ಒಣಹಾಕುವವನನ್ನು ಇವತ್ತೇ ಕಂಡದ್ದು, ಟವಲ್ ಅಲ್ಲಿ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದೆ, ಸುಳ್ಳು ಹೇಳಲೂ ಬಾರದ ಮನುಷ್ಯ. ಪೈಪ್ ತೂತು ಮಾಡಿದ್ದೀರಿ, ಕಿತ್ತುಹಾಕಿ ಇದನ್ನ, ಈಗ್ಲೇ, ಎಂದು ತಾನೇ ಕಂಬಿಗೆ ಕೈ ಹಾಕಿದಳು, ಬೇಡ, ಬೇಡಮ್ಮ, ಎಂದು ಅವನು ಗೋಡೆ ಬಿಟ್ಟು ಒಂದು ಹೆಜ್ಜೆ ಇಟ್ಟ, ಇನ್ನೊಂದು ಕಾಲು ಏಳಲಿಲ್ಲ, ನೆಲ ಒರೆಸುತ್ತ ಎಳೆದುಕೊಂಡು ಬಂತು, ಅಷ್ಟೆತ್ತರದ ಆಳು ವಾಲಿ, ಕಂಬಿಗೆ, ಕಂಬಿಯ ಮೇಲಿದ್ದ ಅವಳ ಬೆರಳುಗಳಿಗೆ ಜೋತುಬಿದ್ದ.

ಯಾರಿಗೂ ಹೇಳ್ಬೇಡಿ, ಈ ಕಾಲಿನ ವಿಷ್ಯ ಮಗಳಿಗೂ ಗೊತ್ತಿಲ್ಲ, ಬಂದು ಕರ್ಕೊಂಡು ಹೋಗಿಬಿಡ್ತಾಳೆ. ನಾಟಕ, ಇದೂ ನಾಟಕವೇ, ನೆಟ್ಟಗೆ ನಡೀರಿ ಎಂದವನು ಇವನೇ ಅಲ್ಲವೇ, ಅನ್ನಬೇಕು, ಈಗಲೇ ಅನ್ನಬೇಕು, ನಾಲಗೆ ತುದಿಗೆ ಬಂದಿದೆ, ಆದರೆ ಈ ಕೈ ಬಿಡುತ್ತಿಲ್ಲ, ಇವಳ ಬೆರಳುಗಳನ್ನು ಕಂಬಿಯ ಜೊತೆಗೇ ಅಮುಕಿ ಹಿಡಿದ ಕೈ, ಹೇಳಬೇಕು ಅಂದುಕೊಂಡದ್ದು ಏನು, ಈ ಕೈ, ಗೆಣ್ಣುಗಳೆಲ್ಲ ಬೆಳ್ಳಗಾದ ಈ ಕೈ —