ಹುಳ ಸತ್ತ ಗುಂಡಿಯ ನೀರು

"ಮಕ ಕಿವುಚಿದ್ಯೋ, ಚರ್ಮ ಸುಲ್ದ್‌ಬುಡ್ತೀನಿ ಬೋಳಿಮಗ್ನೆ! ನಗ್ತಾ ಕುಡೀಬೇಕು ಕಣ್ಲಾ, ಸಾಹೇಬ್ರು ನೋಡೋ ಅಂಗೆ."

ಮೇಸ್ತ್ರಿ ಮಹದೇವಯ್ಯ ಬೈಯುತ್ತಿದ್ದದ್ದು ನನ್ನ ಗಂಡ ಚಿಕ್ಕಬೋರಯ್ಯನನ್ನು. ಮದ್ದೂರಿನಾಚೆಯ ಸಾರಾಯಿ ಕಾರ್ಖಾನೆಯಲ್ಲಿ ನಾವಿಬ್ಬರೂ ಕೊಳೆನೀರಿನ ಗುಂಡಿ ಕೆದಕುವ ಕೂಲಿಗಳು. ಗುಂಡಿಯ ನೀರು ಹಳ್ಳಕ್ಕೆ ಹೋಗುತ್ತದೆ. ನಮ್ಮ ಕೇರಿ ಕುಡಿಯುವುದು ಅದೇ ಹಳ್ಳದ ನೀರು. ಊರ ಬಾವಿ ನಮಗಿಲ್ಲವಲ್ಲ.

ಗುಂಡಿ ಕಟ್ಟಿದ ವರ್ಷ ಇಂಜಿನಿಯರು ನಮ್ಮ ಕೇರಿಯ ಚರ್ಮ ಹದಮಾಡುವ ತೊಟ್ಟಿಯ ರಾಡಿಯನ್ನೇ ತರಿಸಿ ಅದಕ್ಕೆ ಸುರಿಸಿದ್ದರು. ಅದರಲ್ಲಿ ಕಣ್ಣಿಗೆ ಕಾಣದ ಹುಳಗಳಿವೆಯಂತೆ, ಅವು ವಿಷ ತಿಂದು ನೀರನ್ನು ತಿಳಿ ಮಾಡುತ್ತವಂತೆ. ನಾವು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿದ್ದೆವು. ನಾವು ಊರೊಳಗೆ ಕಾಲಿಡುವಂತಿಲ್ಲ, ನಮ್ಮ ಕೇರಿಯ ಹುಳಕ್ಕೆ ಎಂಥ ಮರ್ಯಾದೆ! ಆದರೆ ಅವರ ಮಾತು ಸುಳ್ಳಾಗಲಿಲ್ಲ. ಗುಂಡಿ ಬುಳುಬುಳು ಅನ್ನುತ್ತಿತ್ತು, ಹಳ್ಳದಲ್ಲಿ ಮೀನು ಆಡಿದವು.

ಆಮೇಲೆ ಯುದ್ಧ ಬಂತು, ಸ್ಪಿರಿಟ್ಟಿಗೆ ಗಿರಾಕಿ ಹೆಚ್ಚಿತು. ಆರಲು ಬಿಡುವಷ್ಟೂ ಪುರುಸೊತ್ತಿಲ್ಲದೆ ಕೊತಕೊತ ಕುದಿಯುವ ಕೊಳೆಯನ್ನೇ ಗುಂಡಿಗೆ ಬಿಟ್ಟರು. ಹುಳ ಬೆಂದು ಸತ್ತವು, ಗುಂಡಿ ಸುಮ್ಮನಾಯಿತು. ಹೋದ ವಾರ ಕೇರಿಯ ಬೆಳ್ಳಮ್ಮನ ಎಮ್ಮೆ ಹಳ್ಳದಲ್ಲಿ ನೀರು ಕುಡಿದು, ನೊರೆ ಕಾರಿಕೊಂಡು ಅಲ್ಲೇ ಸತ್ತುಬಿತ್ತು. ಅದರ ದೂರು ಹೋಗಿ ಇವತ್ತು ಮೈಸೂರಿನ ಸಾಹೇಬರು ತಪಾಸಣೆಗೆ ಬಂದಿದ್ದರು.

ಗುಂಡಿಯ ಅಂಚಿನಲ್ಲಿ ನಿಂತು ಮ್ಯಾನೇಜರು ಕೈಮುಗಿದರು. "ಹುಳಗಳೆಲ್ಲ ಚೆನ್ನಾಗಿವೆ ಸ್ವಾಮಿ. ಇಲ್ಲಿಂದ ಹೋಗೋ ನೀರನ್ನ ನಮ್ಮ ಕೂಲಿಯವರೇ ಕುಡೀತಾರೆ, ತಾವೇ ನೋಡಿ."

ಬೋರಯ್ಯ ಗುಂಡಿ ನೀರಿನ ಚೊಂಬು ಎತ್ತಿದ. ನೀರು ಎದೆಯ ಮೇಲೆ ಚೆಲ್ಲಿತು. ಹಲ್ಲು ಕಿರಿದು ನಗಲು ನೋಡಿದ. ಧೈರ್ಯ ಬಂತು ಅಂತ ಹೇಳಲಾರೆ, ಹೆದರಿಕೆಯೇ ನನ್ನನ್ನು ನೂಕಿತು. ಅವನ ಬಾಯಿಂದ ಚೊಂಬು ಕಿತ್ತುಕೊಂಡು ಮ್ಯಾನೇಜರ ಮುಂದೆ ಹಿಡಿದೆ.

"ನೀವೊಂದ್ ಗುಟುಕು ಕುಡೀರಿ ಬುದ್ದಿ. ಆಮ್ಯಾಕೆ ನಾವೆಲ್ಲ ಕುಡೀತೀವಿ."

"ದೂರ ನಿಲ್ಲೇ ಮುಂಡೆ! ನಿನ್ನ ಕೈ ನೀರು ನಾನು ಕುಡಿಯೋದಾ?"

"ಅಂಗಾರೆ ಸಾಹೇಬ್ರೇ ಮೊಗ್ದು ಕೊಡ್ಲಿ. ಗುಂಡಿ ಇಲ್ಲೇ ಅದೆ."

ಸಾಹೇಬರು ಗುಂಡಿ ನೋಡಿದರು, ಮ್ಯಾನೇಜರ ಮುಖ ನೋಡಿದರು. ಮೊಗೆಯಲು ಬಗ್ಗಲಿಲ್ಲ.

"ಏಯ್ ಮರಿತಾಯಿ, ಬುಡೇ ಚೊಂಬ!" ಅನ್ನುತ್ತ ಮೇಸ್ತ್ರಿ ಬೆನ್ನಿಗೆ ಬಿಟ್ಟ ಬೆತ್ತದ ಏಟಿಗೆ ಉಸಿರು ಕಟ್ಟಿತು. ಸೀರೆಯಲ್ಲೇ ಉಚ್ಚೆ ಹೋಯಿತು. ಚೊಂಬನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ಮುಂದಕ್ಕೆ ಹೋದೆ. ಮುಟ್ಟಿಬಿಟ್ಟಾಳೆಂದು ಮ್ಯಾನೇಜರು ಹಿಂದೆ ಸರಿದರು.

ಮತ್ತೆ ಮುಂದಕ್ಕೆ ಹೋದೆ. ಅವರು ಮತ್ತೆ ಸರಿದರು. ಅವರ ಬೆನ್ನ ಹಿಂದೆ ಗುಂಡಿಯಿತ್ತು.